ಮರ ಹತ್ತಿ ಕೂತ ಬೆಕ್ಕನ್ನು ನಾನು ಇಳಿಸುವ ರೀತಿ

ಉಡುಪಿ ಕಡೆ ತೆಂಗಿನಕಾಯಿ ಕೀಳುವುದು ನನ್ನ ಕಸುಬು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತುವ ತರಬೇತಿ ಶುರು ಮಾಡಿತಲ್ಲ, ಯಂತ್ರದಲ್ಲಿ ಹತ್ತುವುದನ್ನು ನಾನು ಅದರಲ್ಲೇ ಕಲಿತೆ. ಕಾಯಿ ಕೀಳಲು ಹೋದ ಮನೆಗಳಲ್ಲಿ "ಅಣ್ಣಾ, ನಮ್ಮ ಬೆಕ್ಕು ಹಲಸಿನ ಮರದಲ್ಲಿ ಕೂತಿದೆ, ಸ್ವಲ್ಪ ಇಳಿಸಿ ಕೊಡ್ತೀರಾ" ಎಂದು ಕೇಳುತ್ತಿದ್ದರು. ಈಗ ಬೆಕ್ಕಿಗಾಗಿಯೇ ಫೋನ್ ಬರುತ್ತದೆ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಹತ್ತಿದ ಬೆಕ್ಕಿಗೆ ಇಳಿಯಲು ಯಾಕೆ ಆಗುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅದರ ಉಗುರು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದೆ. ಹತ್ತುವಾಗ ತೊಗಟೆಯನ್ನು ಗಟ್ಟಿ ಹಿಡಿಯುತ್ತದೆ, ತಲೆ ಕೆಳಗೆ ಮಾಡಿ ಇಳಿಯಲು ಹೋದರೆ ಹಿಡಿತವೇ ಸಿಗುವುದಿಲ್ಲ. ಅಳಿಲಿಗೆ ಹಿಂಗಾಲಿನ ಪಾದ ಹಿಂದಕ್ಕೆ ತಿರುಗುತ್ತದೆ, ಹಾಗಾಗಿ ತಲೆ ಕೆಳಗೆ ಮಾಡಿಯೇ ಸರಸರ ಇಳಿಯುತ್ತದೆ. ಬೆಕ್ಕಿಗೆ ಆ ಅನುಕೂಲ ಇಲ್ಲ, ಬಾಲ ಮುಂದೆ ಮಾಡಿಕೊಂಡು ಹಿಮ್ಮುಖವಾಗಿಯೇ ಇಳಿಯಬೇಕು. ಕಾಲಿಡುವ ಜಾಗ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಹೆದರಿ ಕೂತು ಕೂಗುತ್ತದೆ.

ಆದರೂ ಸುಮಾರು ಬೆಕ್ಕುಗಳು ತಾವಾಗಿಯೇ ಇಳಿಯುತ್ತವೆ, ಸುತ್ತಮುತ್ತ ಗಲಾಟೆ ಇರಬಾರದು ಅಷ್ಟೇ. ಮರದ ಬುಡದಲ್ಲಿ ಹತ್ತು ಜನ ನಿಂತು ಕರೆಯುತ್ತಿದ್ದರೆ, ನಾಯಿ ಬೊಗಳುತ್ತಿದ್ದರೆ, ಮೇಲೆ ಕಾಗೆಗಳು ಕುಕ್ಕಲು ಬರುತ್ತಿದ್ದರೆ ಅದು ಯಾಕೆ ಇಳಿದೀತು? ಫೋನ್ ಬಂದ ಕೂಡಲೇ ನಾನು ಹೇಳುವುದು ಇಷ್ಟು: ನಾಯಿಯನ್ನು ಕಟ್ಟಿಹಾಕಿ, ಎಲ್ಲರೂ ಒಳಗೆ ಹೋಗಿ, ಬುಡದಲ್ಲಿ ಹುರಿದ ಬೂತಾಯಿ ಮೀನು ಇಟ್ಟು ರಾತ್ರಿ ಕಳೆಯಲಿ ಬಿಡಿ. ಬೆಳಿಗ್ಗೆಗೆ ಬೆಕ್ಕು ಅಡುಗೆಮನೆಯಲ್ಲಿ ಇರುವುದೇ ಜಾಸ್ತಿ. ಮರಿ ಬೆಕ್ಕು, ಪೆಟ್ಟಾದ ಬೆಕ್ಕು, ಕತ್ತಿನ ಪಟ್ಟಿ ಕೊಂಬೆಗೆ ಸಿಕ್ಕಿಕೊಂಡದ್ದು, ಜೋರು ಮಳೆಯಲ್ಲಿ ನೆನೆಯುತ್ತಿರುವುದು, ಇವಕ್ಕೆ ಮಾತ್ರ ಕಾಯುವುದಿಲ್ಲ. ದೊಡ್ಡ ಬೆಕ್ಕಾದರೂ ಎರಡನೇ ದಿನಕ್ಕೆ ಬಿಡುವುದಿಲ್ಲ, ಯಾಕೆಂದರೆ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಆಗಬಹುದು, ದಪ್ಪ ಬೆಕ್ಕಿಗೆ ಇನ್ನೂ ಬೇಗ.

ಕಲ್ಲು ಹೊಡೆಯುವುದು, ಪೈಪಿನಲ್ಲಿ ನೀರು ಬಿಡುವುದು, ಕೊಂಬೆ ಅಲುಗಾಡಿಸುವುದು, ಇದನ್ನೆಲ್ಲ ದಯವಿಟ್ಟು ಮಾಡಬೇಡಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಅನ್ನುವ ಮಾತು ನಂಬಿ ಬೀಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಳಿಯಲ್ಲಿ ತಿರುಗಿಕೊಳ್ಳುವುದು ನಿಜ. ಹಾಗಂತ ದವಡೆ, ಕಾಲು ಮುರಿಯುವುದು ತಪ್ಪುವುದಿಲ್ಲ, ಎದೆಗೂ ಒಳಪೆಟ್ಟು ಬೀಳುತ್ತದೆ.

ಹತ್ತುವ ಮೊದಲು ಮರವನ್ನು ಒಂದು ಸುತ್ತು ಬಂದು ನೋಡುತ್ತೇನೆ. ಮೊದಲು ನೋಡುವುದು ಕರೆಂಟ್ ತಂತಿ. ತಂತಿ ಕೊಂಬೆಗೆ ತಾಗುತ್ತಿದ್ದರೆ ಅಥವಾ ಹತ್ತಿರ ಇದ್ದರೆ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆಗಿದೆ ಎಂದು ಲೈನ್‌ಮ್ಯಾನ್ ಬಂದು ಹೇಳುವ ತನಕ ಮರ ಮುಟ್ಟುವುದಿಲ್ಲ. ಅಂಥ ಕಡೆ ಅಲ್ಯೂಮಿನಿಯಂ ಏಣಿಯೂ ಬೇಡ. ಆಮೇಲೆ ಕಣಜದ ಗೂಡು, ಮಾವಿನಲ್ಲಾದರೆ ಕೆಂಪಿರುವೆ. ನುಗ್ಗೆ ಮರವನ್ನು ನಾನು ಹತ್ತುವುದೇ ಇಲ್ಲ, ಟೊಂಗೆ ಹೇಳದೆ ಕೇಳದೆ ಮುರಿಯುತ್ತದೆ. ಅಲ್ಲಿ ಪಕ್ಕಕ್ಕೆ ಏಣಿ ನಿಲ್ಲಿಸಬೇಕು, ಇಬ್ಬರು ಹಿಡಿಯಬೇಕು. ಮಳೆಗಾಲದಲ್ಲಿ ಕಾಂಡದ ಮೇಲೆ ಪಾಚಿ ಇರುತ್ತದೆ, ನಮ್ಮ ಕರಾವಳಿಯಲ್ಲಿ ಇದೇ ದೊಡ್ಡ ತೊಂದರೆ.

ತೆಂಗಿನ ಮರಕ್ಕೆ ಬೆಕ್ಕು ಹೋಗುವುದು ಹೆಚ್ಚಾಗಿ ಸುಳಿಯಲ್ಲಿ ಗೂಡು ಮಾಡಿದ ಇಲಿಯ ಆಸೆಗೆ. ಅದಕ್ಕೆ ಯಂತ್ರ ಸಾಕು, ಜೊತೆಗೆ ಸೊಂಟದ ಬೆಲ್ಟ್. ಹಲಸು, ಮಾವಿಗೆ ಬೆಲ್ಟಿಗೆ ಎರಡು ಹಗ್ಗ ಹಾಕಿಕೊಳ್ಳುತ್ತೇನೆ. ಒಂದನ್ನು ಮೇಲಿನ ಕೊಂಬೆಗೆ ಕಟ್ಟಿದ ಮೇಲೇ ಕೆಳಗಿನದ್ದನ್ನು ಬಿಚ್ಚುವುದು, ಎಷ್ಟು ಅವಸರ ಇದ್ದರೂ ಇದರಲ್ಲಿ ಬದಲಾವಣೆ ಇಲ್ಲ. ತಲೆಗೆ ಹೆಲ್ಮೆಟ್, ಕೆಳಗೆ ಒಬ್ಬ ಸಹಾಯಕ. ಇಷ್ಟು ಇಲ್ಲದಿದ್ದರೆ ನೀವು ಹತ್ತಲೇಬೇಡಿ, 101ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಯಿರಿ.

ಬೆಕ್ಕಿನ ಹತ್ತಿರ ಹೋಗುವುದರಲ್ಲೇ ಇರುವುದು ನಿಜವಾದ ಕೆಲಸ. ಸದ್ದು ಮಾಡದೆ ಹೋದರೆ ಅದು ಬೆಚ್ಚುತ್ತದೆ, ಅದಕ್ಕೇ ಮೆಲ್ಲಗೆ ಮಾತಾಡುತ್ತಾ ಹತ್ತುತ್ತೇನೆ. ಅದು ಇನ್ನೂ ತುದಿಗೆ ಸರಿದರೆ ನಾನು ಅಲ್ಲೇ ನಿಂತುಬಿಡುತ್ತೇನೆ. ತುದಿಯ ಕೊಂಬೆ ನನ್ನ ಭಾರ ತಡೆಯುವುದಿಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡುವುದಿಲ್ಲ, ಮೀನಿನ ವಾಸನೆ ಹಚ್ಚಿದ ಕೈಯನ್ನು ಮುಂದೆ ಚಾಚಿ ಸುಮ್ನೆ ಕೂರುತ್ತೇನೆ. ಎಷ್ಟೋ ಬೆಕ್ಕುಗಳು ಸ್ವಲ್ಪ ಹೊತ್ತಿಗೆ ತಾವೇ ಬಂದು ಮೂಸುತ್ತವೆ, ಕೆಲವು ಕೈಗೆ ತಲೆ ಉಜ್ಜುತ್ತವೆ, ಆಗ ಆಗುವ ಖುಷಿಯೇ ಬೇರೆ.

ಹಿಡಿಯಲು ದಪ್ಪ ಬಟ್ಟೆಯ ಚೀಲ ಹೊಲಿಸಿಕೊಂಡಿದ್ದೇನೆ, ದಿಂಬಿನ ಕವರ್‌ಗಿಂತ ಉದ್ದ. ಅದನ್ನು ಒಳಮೇಲು ಮಾಡಿ ತೋಳಿಗೆ ಏರಿಸಿಕೊಳ್ಳುತ್ತೇನೆ. ಬೆಕ್ಕಿನ ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಆ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲವನ್ನು ಅದರ ಮೈಮೇಲೆ ಎಳೆದು ಬಾಯಿ ಕಟ್ಟುವುದು. ಎಳೆಯುವಾಗ ಉಗುರು ತೊಗಟೆಗೆ ಸಿಕ್ಕಿದ್ದರೆ ಬಲವಂತ ಮಾಡದೆ ಸ್ವಲ್ಪ ಮೇಲಕ್ಕೆ ಎತ್ತಿದರೆ ಬಿಟ್ಟುಕೊಳ್ಳುತ್ತದೆ. ಚೀಲವನ್ನು ಹಗ್ಗದಲ್ಲಿ ಕೆಳಗೆ ಬಿಡುತ್ತೇನೆ. ಬೆಕ್ಕನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿಯುವ ವಿಡಿಯೋ ನೋಡಿ ಯಾರೂ ಹಾಗೆ ಮಾಡಬೇಡಿ, ಅದು ಹೆದರಿ ಪರಚಿದರೆ ಇಬ್ಬರೂ ಕೆಳಗೆ.

ಚೀಲ ಬಿಚ್ಚುವುದು ಮನೆಯೊಳಗೆ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ. ಅಂಗಳದಲ್ಲಿ ಬಿಚ್ಚಿದರೆ ಪಕ್ಕದ ಮರಕ್ಕೆ ಓಡುತ್ತದೆ. ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಊಟ. ಕಚ್ಚಿದ್ದರೆ ಅಥವಾ ಪರಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳ ಇರುತ್ತದೆ, ಬೇಗ ಕೀವು ಕಟ್ಟುತ್ತದೆ.

ಮತ್ತೆ ಮತ್ತೆ ಅದೇ ತೆಂಗಿನ ಮರ ಹತ್ತುವ ಬೆಕ್ಕಾದರೆ ಇಲಿಗೆ ಕಟ್ಟುವ ತಗಡಿನ ಪಟ್ಟಿಯನ್ನೇ ಕಾಂಡದ ಸುತ್ತ ಆಳೆತ್ತರಕ್ಕಿಂತ ಮೇಲೆ ಕಟ್ಟಿಸಿ. ಇಲಿಯೂ ಹೋಗುವುದಿಲ್ಲ, ಬೆಕ್ಕೂ ಹೋಗುವುದಿಲ್ಲ. ಕಾಯಿ ಕೀಳುವವರು ಬರುವ ದಿನ ಮಾತ್ರ ಅದನ್ನು ಬಿಚ್ಚಿಡಿ, ತಗಡಿನ ಮೇಲೆ ಯಂತ್ರ ಜಾರುತ್ತದೆ.