ಇಬ್ಬರಿಂದ ಹನ್ನೊಂದು ಮಂದಿ: ಶಿಷ್ಯತ್ವದ ಕೆಲಸದಲ್ಲಿ ನನ್ನ ಅನುಭವ

"ಇಬ್ಬರನ್ನೇ ಕೂರಿಸಿಕೊಂಡು ಇನ್ನೆಷ್ಟು ವರ್ಷ ಕಳೆಯುತ್ತೀರಿ?" ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಶಿಷ್ಯತ್ವವೆಂದರೆ ವಿಶ್ವಾಸಿಗಳನ್ನು ಯೇಸುವಿನ ಶಿಷ್ಯರಾಗಿ ಬೆಳೆಸುವ ಕೆಲಸ; ಆಗ ನಾನು ಇಬ್ಬರ ಜೊತೆ ಮಾತ್ರ ಕೂತು ಸತ್ಯವೇದ (ಬೈಬಲ್) ಓದುತ್ತಿದ್ದೆ. ಸುಮಾರು ಐದು ವರ್ಷಗಳ ಬಳಿಕ ಆ ಇಬ್ಬರು ಹನ್ನೊಂದು ಮಂದಿಯಾಗಿದ್ದಾರೆ. ಅವರಲ್ಲಿ ಏಳು ಮಂದಿಗೆ ನಾನು ಒಂದು ದಿನವೂ ಪಾಠ ಹೇಳಿದವನಲ್ಲ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ದೊಡ್ಡದಾಗಿತ್ತು. 14 ವಿಶ್ವಾಸಿಗಳು, 12 ವಾರಗಳು, ಅಚ್ಚು ಮಾಡಿಸಿದ ಪಾಠಪುಸ್ತಕ, ಬಾಡಿಗೆಯ ಪ್ರೊಜೆಕ್ಟರ್. ಸಭೆ ಕೊಟ್ಟದ್ದು ಸಾಲದೆ ನನ್ನ ಸುಮಾರು ಒಂದು ತಿಂಗಳ ಸಂಬಳವೂ ಹೋಯಿತು. ಆರನೆಯ ವಾರಕ್ಕೆ ಐವರು ಉಳಿದರು, ಪುಸ್ತಕಗಳ ಕಟ್ಟು ಸಭೆಯ ಕಪಾಟು ಸೇರಿತು. ಒಂದು ಗಂಟೆಯಲ್ಲಿ ಐವತ್ತು ನಿಮಿಷ ನಾನೇ ಮಾತನಾಡುತ್ತಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ಪಾಠದ ತಯಾರಿಗಲ್ಲದೆ ಸತ್ಯವೇದವನ್ನು ತೆರೆಯುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು.

ಆಮೇಲೆ ಇಬ್ಬರನ್ನು ಮಾತ್ರ ಆರಿಸಿಕೊಂಡೆ. ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ 2:2ರಲ್ಲಿ ಬೋಧನೆಯನ್ನು ಒಪ್ಪಿಸಲು ಕೇಳುವುದು ನಂಬಿಗಸ್ತರನ್ನು, ಮಾತುಗಾರರನ್ನಲ್ಲ; ಆದ್ದರಿಂದ ಆರಾಧನೆ ಮುಗಿದ ಮೇಲೆ ಹೇಳದೆಯೇ ಕುರ್ಚಿ ಎತ್ತಿಡುವವರನ್ನು ನೋಡಿಕೊಂಡೆ. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನು ನಾಲ್ಕು ತಿಂಗಳಲ್ಲಿ ಮುಗಿಸಬೇಕೆಂದಿದ್ದೆವು, ಎಂಟು ತಿಂಗಳು ಹಿಡಿಯಿತು. ಐದನೆಯ ಅಧ್ಯಾಯದಿಂದ ಪಾಠ ನಡೆಸುವುದು ಅವರ ಪಾಲಿನ ಕೆಲಸ. ಓದಿದ ಭಾಗವನ್ನು ಮುಂದಿನ ಭೇಟಿಯೊಳಗೆ ಇನ್ನೊಬ್ಬರಿಗೆ ಹೇಳಿ ಬರದಿದ್ದರೆ ಹೊಸ ಅಧ್ಯಾಯವಿಲ್ಲ. ಮೊದಲ ಭೇಟಿಯಲ್ಲಿ ನಾನು ಕೇಳುವ ಮೂರು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅವು ಮೊದಲೇ ತಿಳಿದರೆ ಸಿದ್ಧ ಉತ್ತರಗಳೇ ಬರುತ್ತವೆ.

ಎಂಟನೆಯ ಅಧ್ಯಾಯದಲ್ಲಿ ನಾನೇ ಸಿಕ್ಕಿಬಿದ್ದೆ. ಬೆತ್ಸಾಯಿದ ಊರಿನ ಕುರುಡನನ್ನು ಯೇಸು ಎರಡು ಸಲ ಏಕೆ ಮುಟ್ಟಬೇಕಾಯಿತು ಎಂದು ಒಬ್ಬನು ಕೇಳಿದನು. ಮೊದಲ ಸಲ ಮುಟ್ಟಿದಾಗ ಆ ಕುರುಡನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಕಂಡರು, ಎರಡನೆಯ ಸಲ ಎಲ್ಲವೂ ಸ್ಪಷ್ಟವಾಯಿತು. ಆ ಭಾಗದ ಮೇಲೆ ಮೂರು ಸಲ ಪ್ರಸಂಗ ಮಾಡಿದ್ದ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಒಂದು ವಾರ ಆ ಅಧ್ಯಾಯವನ್ನೇ ಓದುತ್ತಿದ್ದಾಗ, ಕಣ್ಣಿದ್ದೂ ಕಾಣುವುದಿಲ್ಲವೇ ಎಂದು ಶಿಷ್ಯರನ್ನು ಗದರಿಸಿದ ಮಾತು ಆ ಘಟನೆಗೆ ಸ್ವಲ್ಪವೇ ಮುಂಚೆ ಇರುವುದೂ, ಯೇಸುವನ್ನು ಕ್ರಿಸ್ತನೆಂದು ಒಪ್ಪಿಕೊಂಡ ಶಿಷ್ಯ ಪೇತ್ರನು ಮರುಗಳಿಗೆಯೇ ಯೇಸು ತನ್ನ ಮರಣದ ಬಗ್ಗೆ ಹೇಳಿದ ಮಾತಿಗೆ ಅಡ್ಡಬಂದದ್ದೂ ಒಟ್ಟಿಗೆ ಕಂಡವು. ಮನುಷ್ಯರು ಮರಗಳಂತೆ ಕಾಣುವ ಹಂತದಲ್ಲೇ ನಿಂತಿದ್ದವನು ನಾನು. ಅದನ್ನು ಅವರಿಬ್ಬರ ಮುಂದೆ ಒಪ್ಪಿಕೊಂಡ ದಿನದಿಂದ ನನ್ನ ಬೆಳಗಿನ ಪ್ರಾರ್ಥನೆಗೆ ಮತ್ತೆ ಜೀವ ಬಂತು.

ಹಣದ ವಿಷಯದಲ್ಲಿ ಇನ್ನೊಮ್ಮೆ ಎಡವಿದೆ. ಅವರಲ್ಲೊಬ್ಬನಿಗೆ ಸಾಲ ಕೊಟ್ಟೆ. ತೀರಿಸಲಾಗದ ನಾಚಿಕೆಯಿಂದ ಅವನು ನನ್ನನ್ನೂ ಸಭೆಯನ್ನೂ ಬಿಟ್ಟನು. ಸುವಾರ್ತಾ ಪ್ರಯಾಣದಲ್ಲಿ ಪೌಲ, ಬಾರ್ನಬರನ್ನು ಅರ್ಧದಾರಿಯಲ್ಲಿ ಬಿಟ್ಟುಹೋದ ಮಾರ್ಕನನ್ನು ಬಾರ್ನಬನು ಕೈಬಿಡಲಿಲ್ಲವೆಂಬುದು ನೆನಪಾಗಿ, ಸಾಲವನ್ನು ಮನ್ನಾ ಮಾಡಿದ್ದೇನೆಂದು ಹೇಳಿಕಳುಹಿಸಿದೆ. ಸುಮಾರು ಒಂದೂವರೆ ವರ್ಷದ ಮೇಲೆ ಮರಳಿ ಬಂದವನು ಈಗ ಇಬ್ಬರನ್ನು ನಡೆಸುತ್ತಿದ್ದಾನೆ. ಅಂದಿನಿಂದ ಕೊಡುವುದಾದರೆ ದಾನವಾಗಿ ಕೊಡುತ್ತೇನೆ, ಸಾಲವಾಗಿ ಎಂದೂ ಇಲ್ಲ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕೂ ಅಧ್ಯಾಯಗಳನ್ನು ದಿನವೂ ಒಂದೇ ಉಸಿರಿಗೆಂಬಂತೆ ಗಟ್ಟಿಯಾಗಿ ಓದಿದೆವು, ಹೆಚ್ಚುಕಡಿಮೆ ಕಾಲು ಗಂಟೆಯ ಕೆಲಸ. ಒಬ್ಬನಿಗೆ ತಿಂಗಳಲ್ಲಿ ಅರ್ಧ ಬಾಯಿಪಾಠವಾಯಿತು, ಇನ್ನೊಬ್ಬನು ಹತ್ತನೆಯ ದಿನವೇ ಬೇಸತ್ತನು. ಕೂಡಿ ಉಪವಾಸ ಮಾಡಿದ್ದು ನನ್ನ ಸಿಡುಕಿನಿಂದಾಗಿ ಮೂರು ವಾರಕ್ಕೇ ನಿಂತಿತು.

ಈಗ ಅದೇ ಹಿರಿಯರು ಇದನ್ನು ಇಡೀ ಸಭೆಗೆ ತರಗತಿಯಾಗಿ ನಡೆಸಿರೆಂದು ಕೇಳುತ್ತಿದ್ದಾರೆ, ನಾನು ಒಪ್ಪಿಲ್ಲ. ಕಪಾಟಿನಲ್ಲಿದ್ದ ಪಾಠಪುಸ್ತಕಗಳ ಖಾಲಿ ಹಾಳೆಗಳಲ್ಲಿ ನಮ್ಮವರು ತಮ್ಮ ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದಾರೆ, ಇನ್ನೂ ಎರಡು ವರ್ಷಕ್ಕೆ ಸಾಕಾಗುವಷ್ಟಿವೆ.