ಚಿಕ್ಕ ಪ್ಲಾಸ್ಟಿಕ್ ಪಾರ್ಟ್ ಬೇಕಾ? ಡೈಗೆ (ಲೋಹದ ಅಚ್ಚಿಗೆ) ದುಡ್ಡು ಹಾಕುವ ಮುಂಚೆ ಲೆಕ್ಕ ಹಾಕಿ

ಎಷ್ಟು ಪೀಸ್ ಬೇಕು? ಬೆಂಗಳೂರಿನ ಪೀಣ್ಯದಲ್ಲಿ ಯಾವ ಮೋಲ್ಡಿಂಗ್ ಶಾಪ್‌ಗೆ ಹೋದರೂ ಮೊದಲು ಕೇಳುವುದು ಇದನ್ನೇ. "ಈಗ 50 ಸಾಕು, ಮುಂದೆ 10,000 ಬೇಕಾಗಬಹುದು" ಅಂದರೆ ಅದು ಉತ್ತರ ಅಲ್ಲ. ಎರಡಕ್ಕೂ ದಾರಿ ಬೇರೆ ಬೇರೆ.

ಬರೀ ಸರ್ಕ್ಯೂಟ್ ಬೋರ್ಡ್ ಇಡಲು ಡಬ್ಬಿ ಬೇಕಿದ್ದರೆ ಮೊದಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡ್ ಒಂದು ಸುತ್ತು ಹಾಕಿ. ರೆಡಿಮೇಡ್ ಡಬ್ಬಿ ತಂದು ತೂತು ಕೊರೆದರೆ ಕೆಲಸ ಮುಗಿಯಿತು. ಡಬ್ಬಿಯ ಅಳತೆಗೆ ಬೋರ್ಡ್ ಮಾಡಿಸುವುದು ಅಗ್ಗ, ಆದರೆ ನಾವೆಲ್ಲ ಮಾಡುವುದು ಉಲ್ಟಾ.

ನೂರು ಪೀಸ್ ತನಕ ಯೋಚನೆಯೇ ಬೇಡ, 3ಡಿ ಪ್ರಿಂಟ್ ಸಾಕು. ಮೆಟೀರಿಯಲ್ ಮಾತ್ರ ನೋಡಿಕೊಳ್ಳಿ. ಪ್ರಿಂಟಿಗೆ ಹೆಚ್ಚಾಗಿ ಬಳಸುವ ಪ್ಲಾಸ್ಟಿಕ್ ಆದ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ನಾನು ತೋಟದ ಪಂಪ್‌ಗೆ ಅಂತ ಪಿಎಲ್‌ಎಯಲ್ಲಿ ಡಬ್ಬಿ ಮಾಡಿ ಏಪ್ರಿಲ್ ಬಿಸಿಲಿಗೆ ಇಟ್ಟೆ, ಎರಡೇ ದಿನದಲ್ಲಿ ಮುಚ್ಚಳ ಹಪ್ಪಳದ ಹಾಗೆ ಸೊಟ್ಟಗಾಯಿತು. ಹೊರಗೆ ಇಡುವುದಾದರೆ ಎಎಸ್‌ಎ ಪ್ಲಾಸ್ಟಿಕ್ ಒಳ್ಳೆಯದು, ನೆರಳಿದ್ದರೆ ಪಿಇಟಿಜಿ ನಡೆಯುತ್ತದೆ. ಇನ್ನೊಂದು, ಲಾಕ್ ಆಗುವ ಕ್ಲಿಪ್ ಇದ್ದರೆ ಅದನ್ನು ಮಲಗಿಸಿ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಲೇಯರ್ ಬಿಟ್ಟು ಮುರಿಯುತ್ತದೆ.

ಪೀಸ್ ಕಡಿಮೆ, ಆದರೆ ಅಂಗಡಿಯ ಮಾಲಿನಂಥ ಫಿನಿಶ್ ಬೇಕು ಅಂದರೆ ವ್ಯಾಕ್ಯೂಮ್ ಕಾಸ್ಟಿಂಗ್ ಕೇಳಿ, ಅಂದರೆ ಗಾಳಿ ತೆಗೆದು ಸಿಲಿಕೋನ್ ಅಚ್ಚಿಗೆ ದ್ರವ ರೆಸಿನ್ ಹೊಯ್ಯುವುದು. ಒಂದು ಸಿಲಿಕೋನ್ ಅಚ್ಚಿನಲ್ಲಿ ಇಪ್ಪತ್ತು ಪೀಸ್ ಆಸುಪಾಸು ಬರುತ್ತವೆ, ಆಮೇಲೆ ಅಚ್ಚು ಹಾಳಾಗುತ್ತದೆ.

ಇನ್ನು ಇಂಜೆಕ್ಷನ್ ಮೋಲ್ಡಿಂಗ್, ಅಂದರೆ ಕರಗಿಸಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಡೈಗೆ ತುಂಬಿ ಪೀಸ್ ತೆಗೆಯುವುದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಡೈಗೆ 1,50,000 ರೂಪಾಯಿ, ಆಮೇಲೆ ಪೀಸಿಗೆ 6 ರೂಪಾಯಿ. ಅದೇ ಪಾರ್ಟ್ ಪ್ರಿಂಟ್ ಮಾಡಿಸಿದರೆ ಪೀಸಿಗೆ 60. ಪೀಸಿಗೆ 54 ರೂಪಾಯಿ ಉಳಿತಾಯ, ಅಂದರೆ ಡೈ ದುಡ್ಡು ವಾಪಸ್ ಬರಲು ಸುಮಾರು 2,800 ಪೀಸ್ ಬೇಕು. ನಿಮ್ಮ ಕೊಟೇಶನ್ ಹಿಡಿದು ಇದೇ ಲೆಕ್ಕ ಮಾಡಿ. ಅಷ್ಟು ಪೀಸ್ ಮಾರುತ್ತೀರಿ ಅನ್ನುವ ಧೈರ್ಯ ಇಲ್ಲವಾ, ಪ್ರಿಂಟಲ್ಲೇ ಇರಿ. ನಡುವಿನ ದಾರಿಯೂ ಇದೆ: ಸಿಂಗಲ್ ಕ್ಯಾವಿಟಿ (ಒಂದು ಸಲಕ್ಕೆ ಒಂದೇ ಪೀಸ್ ಬರುವ) ಸಣ್ಣ ಡೈ ಮಾಡಿಸಿ ಹ್ಯಾಂಡ್ ಮೋಲ್ಡಿಂಗ್ ಮೆಷಿನ್‌ನಲ್ಲಿ ಹೊಡೆಸುವುದು. ನಿಧಾನ, ಆದರೆ ನಾಬ್, ಬುಷ್‌ನಂಥ ಸಣ್ಣ ಪಾರ್ಟಿಗೆ ಧಾರಾಳ ಸಾಕು.

ಡೈ ದುಡ್ಡು ಇಳಿಯುವುದು ಚೌಕಾಸಿಯಿಂದ ಅಲ್ಲ, ಡ್ರಾಯಿಂಗಿಂದ. ಗೋಡೆಯ ದಪ್ಪ ಎಲ್ಲಾ ಕಡೆ ಒಂದೇ ಇರಲಿ, 2 ಮಿ.ಮೀ. ಸಾಮಾನ್ಯವಾಗಿ ಸಾಕು. ಒಂದು ಕಡೆ ದಪ್ಪ ಜಾಸ್ತಿಯಾದರೆ ಆರುವಾಗ ಅಲ್ಲಿ ಕುಳಿ ಬೀಳುತ್ತದೆ. ಪೀಸ್ ಸಲೀಸಾಗಿ ಬಿಡಲು ಗೋಡೆಗೆ ಒಂದು ಡಿಗ್ರಿ ಇಳಿಜಾರು ಕೊಡಿ. ಪಕ್ಕದಲ್ಲಿ ತೂತು, ಕೊಕ್ಕೆ ಇದ್ದರೆ ಸೈಡ್ ಕೋರ್ (ಡೈಯಲ್ಲಿ ಪಕ್ಕಕ್ಕೆ ಸರಿಯುವ ಭಾಗ) ಬೇಕಾಗುತ್ತದೆ, ರೇಟ್ ಏರುವುದು ಅಲ್ಲೇ.

ಅಡ್ವಾನ್ಸ್ ಕೊಡುವ ಮುಂಚೆ ಡೈ ನಿಮ್ಮದು ಅಂತ ಬಿಲ್ಲಿನಲ್ಲೇ ಬರೆಸಿ. ನಾಳೆ ಮೋಲ್ಡರ್ ಬದಲಾಯಿಸಬೇಕಾದರೆ ಜಗಳ ಶುರುವಾಗುವುದು ಅಲ್ಲಿಂದಲೇ. ಬಾಕಿ ದುಡ್ಡು ಕೊಡುವುದು ಮಾತ್ರ ಟ್ರಯಲ್ ಪೀಸಿಗೆ ನಿಮ್ಮದೇ ಬೋರ್ಡ್, ನಿಮ್ಮದೇ ಸ್ಕ್ರೂ ಹಾಕಿ ನೋಡಿದ ಮೇಲೆ.