152ರ ಆಯಿಲ್ ಟೆಂಪರೇಚರ್ ಸ್ನ್ಯಾಗ್ ಹಿಡಿದ ಬಗೆ

ಆ ಸೆಸ್ನಾ 152, ಹಾರಾಟ ಕಲಿಸುವ ಎರಡು ಸೀಟಿನ ಪುಟ್ಟ ವಿಮಾನ, ರಿಪೇರಿಯಾದ ಮೇಲೆ ಹೆಚ್ಚುಕಡಿಮೆ 300 ಗಂಟೆ ಹಾರಿದೆ. ಲ್ಯಾಂಡಿಂಗ್ ಲೈಟ್ ಹಾಕಿದರೂ ಆರಿಸಿದರೂ ಆಯಿಲ್ ಟೆಂಪರೇಚರ್ ಮುಳ್ಳು 190 ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲೇ ನಿಂತಿದೆ. ಇಷ್ಟು ದಿನ ಕಾದು ನೋಡಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಎಂಜಿನ್ ಇಳಿಸಿ ಓವರ್‌ಹಾಲ್‌ಗೆ ಕಳಿಸುವುದೊಂದೇ ದಾರಿ ಎಂದು ನನಗಿಂತ ಹಿರಿಯರಾದ ಮೂವರು ಹೇಳಿದ್ದ ವಿಮಾನ ಇದು.

ಸ್ನ್ಯಾಗ್, ಅಂದರೆ ಬರೆದುಕೊಟ್ಟ ದೋಷ, ಇಷ್ಟೇ. ಕಲಿಯುವ ಹುಡುಗರು ಸರ್ಕ್ಯೂಟ್ (ಮೇಲೇರಿ, ರನ್‌ವೇ ಸುತ್ತಿ, ಇಳಿದು, ಮತ್ತೆ ಏರುವುದು) ಹೊಡೆಯಲು ಹೋದರೆ ಮೂರನೇ ಸುತ್ತಿಗೆ ಮುಳ್ಳು 235, ಕೆಲವೊಮ್ಮೆ 240 ಫ್ಯಾರನ್‌ಹೀಟ್. ಕೆಂಪು ಗೆರೆ 245ಕ್ಕೆ. ಅದೇ ವಿಮಾನ ಕ್ರಾಸ್ ಕಂಟ್ರಿ, ಅಂದರೆ ದೂರದ ಹಾರಾಟಕ್ಕೆ, ಹೋದರೆ ತಕರಾರೇ ಇಲ್ಲ. ಸರ್ಕ್ಯೂಟ್ ಎಂದರೆ ಮತ್ತೆ ಮತ್ತೆ ಫುಲ್ ಥ್ರಾಟಲ್ ಕ್ಲೈಂಬ್, ಕೌಲಿಂಗ್ ಒಳಗೆ ಗಾಳಿ ಕಡಿಮೆ, ಆಯಿಲ್ ಕಾಯದೆ ಇರುತ್ತದೆಯೇ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಆ ಒಪ್ಪಿಗೆಗೆ ನಮ್ಮ ಫ್ಲೈಯಿಂಗ್ ಸಂಸ್ಥೆ ಒಂದೂಮುಕ್ಕಾಲು ಲಕ್ಷದ ಹತ್ತಿರ ತೆತ್ತಿತು.

ಮೊದಲು ಅನುಮಾನ ಹೋದದ್ದು ಸೆಂಡರ್ ಮೇಲೆ, ಅಂದರೆ ಆಯಿಲ್ ಬಿಸಿ ಅಳೆದು ಗೇಜ್‌ಗೆ ತಿಳಿಸುವ ಸೆನ್ಸರ್ ಮೇಲೆ. ಬಿಚ್ಚಿ, ವೈರ್ ಉದ್ದ ಮಾಡಿ, ವಿಮಾನದ ಬಾಡಿಯ ಲೋಹಕ್ಕೆ ಅರ್ತ್ ಕೊಟ್ಟು ಕುದಿಯುವ ನೀರಿಗೆ ಇಳಿಸಿದೆವು. ಗೇಜ್ 205 ತೋರಿಸಿತು. ಕುದಿನೀರು 212 ಇರಬೇಕಲ್ಲ, ಏಳು ಡಿಗ್ರಿ ತಪ್ಪು ಎಂದು ಬೇರೆಯದು ತರಿಸಿದರು. ಡ್ಯೂಟಿ, ಸಾಗಣೆ ಸೇರಿ ಸುಮಾರು 38 ಸಾವಿರ. ಹೊಸದೂ 205 ತೋರಿಸಿತು. ಆಗ ಗಾಜಿನ ಥರ್ಮಾಮೀಟರ್ ತಂದು ಅದೇ ಪಾತ್ರೆಗೆ ಅದ್ದಿದೆ: 97 ಸೆಲ್ಸಿಯಸ್ ಚಿಲ್ಲರೆ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 206ರ ಸುತ್ತಮುತ್ತ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ, ಇಲ್ಲಿ ನೀರು ಅಷ್ಟಕ್ಕೇ ಕುದಿಯುತ್ತದೆ. ದಿನವೂ ಪೈಲಟ್‌ಗಳಿಗೆ ಡೆನ್ಸಿಟಿ ಆಲ್ಟಿಟ್ಯೂಡ್ (ಎತ್ತರಕ್ಕೆ, ಬಿಸಿಲಿಗೆ ಗಾಳಿ ತೆಳುವಾಗುವ ಲೆಕ್ಕ) ಬಗ್ಗೆ ಎಚ್ಚರಿಸುವ ಹ್ಯಾಂಗರ್‌ನಲ್ಲಿ ಪಾತ್ರೆಯ ನೀರಿಗೂ ಅದೇ ಲೆಕ್ಕ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹಳೆಯ ಸೆಂಡರ್ ಸರಿಯಾಗೇ ಇತ್ತು.

ಆಮೇಲೆ ಗೇಜ್ ಓವರ್‌ಹಾಲ್, 70 ಸಾವಿರ. ವರ್ನಾಥರ್ಮ್ (ಆಯಿಲ್ ಕಾದಾಗ ಅದನ್ನು ಕೂಲರ್ ಕಡೆಗೆ ತಿರುಗಿಸುವ ವಾಲ್ವ್) ಬದಲಿ, 45. ಆಯಿಲ್ ಕೂಲರ್ ಫ್ಲಶ್, 15. ವಿಮಾನ ಐದು ವಾರ ನೆಲದ ಮೇಲೆ. ಪ್ರತಿ ಸಲವೂ ಗ್ರೌಂಡ್ ರನ್‌ನಲ್ಲಿ ಸರಿ, ರಿಲೀಸ್ ಮಾಡಿದ ಎರಡನೇ ದಿನ ಟೆಕ್ ಲಾಗ್‌ನಲ್ಲಿ (ದೋಷ ಬರೆಯುವ ಪುಸ್ತಕ) ಅದೇ ಸಾಲು.

ನನಗೆ ಅನುಮಾನ ಹುಟ್ಟಿಸಿದ್ದು ಆಯಿಲ್ ಪ್ರೆಶರ್. ಇನ್‌ಸ್ಟ್ರಕ್ಟರ್ ಹತ್ತಿರ ಪ್ರತಿ ಸುತ್ತಿಗೂ ಎರಡೂ ಗೇಜ್ ಓದಿ ಬರೆದು ತನ್ನಿ ಎಂದು ಕೇಳಿಕೊಂಡೆ. ಟೆಂಪರೇಚರ್ 195ರಿಂದ 238ಕ್ಕೆ ಏರಿದರೂ ಪ್ರೆಶರ್ 75 ಬಿಟ್ಟು ಅಲುಗಿರಲಿಲ್ಲ. 152ರಲ್ಲಿ ಪ್ರೆಶರ್ ಗೇಜ್‌ಗೆ ಎಂಜಿನ್‌ನಿಂದ ನೇರ ಪೈಪು, ಕರೆಂಟಿನ ಹಂಗಿಲ್ಲ. ಆಯಿಲ್ ನಿಜಕ್ಕೂ ನಲವತ್ತು ಡಿಗ್ರಿ ಹೆಚ್ಚು ಕಾದು ತೆಳ್ಳಗಾಗಿದ್ದರೆ ಅದು ಸ್ವಲ್ಪವಾದರೂ ಇಳಿಯಬೇಕಿತ್ತು. ಫಿಲ್ಟರ್ ಕತ್ತರಿಸಿ ನೋಡಿದೆ, ಲೋಹದ ಚೂರಿಲ್ಲ.

ನಡುವೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎರಡು ದಿನ ಕಳೆದೆ. ಎಂಜಿನ್ ಆರಿಸಿದ ಕೂಡಲೇ ಕೂಲರ್ ಫಿಟ್ಟಿಂಗ್‌ಗೆ ಹಿಡಿದರೆ 120 ಎನ್ನುತ್ತದೆ, ಅಷ್ಟು ಕಡಿಮೆ ಇರಲು ಸಾಧ್ಯವೇ ಇಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸರಿಯಾಗಿ ಓದುವುದಿಲ್ಲ. ಕಪ್ಪು ಇನ್ಸುಲೇಷನ್ ಟೇಪ್ ತುಂಡು ಅಂಟಿಸಿ ಅದರ ಮೇಲೆ ಹಿಡಿದರೆ 180ರ ಸಮೀಪ ಬಂತು. ಅದೇ ರನ್‌ನಲ್ಲಿ ಗೇಜ್ 225 ತೋರಿಸಿತ್ತು. ಸೀನಿಯರ್ ಒಪ್ಪಲಿಲ್ಲ. "ಟೇಪ್ ಅಂಟಿಸಿ ಅಳೆದದ್ದನ್ನ ಲಾಗ್‌ಬುಕ್‌ನಲ್ಲಿ ಬರೀತೀಯೇನಪ್ಪಾ?" ಎಂದರು. ಅವರ ಮಾತೂ ಸರಿಯೇ.

ಆ ರನ್‌ನಲ್ಲಿ ಮಾತ್ರ ಗೇಜ್ ಏಕೆ ಏರಿತು ಎಂದು ರಾತ್ರಿಯೆಲ್ಲ ಯೋಚಿಸಿದೆ. ಅವತ್ತು ಸಂಜೆಯಾಗಿತ್ತು, ಲ್ಯಾಂಡಿಂಗ್ ಲೈಟ್ ಹಾಕಿದ್ದೆವು. ನಮ್ಮಲ್ಲಿ ಸರ್ಕ್ಯೂಟ್‌ನಲ್ಲೂ ಲ್ಯಾಂಡಿಂಗ್ ಲೈಟ್ ಹಾಕಿಯೇ ಹಾರುವುದು, ಕ್ರಾಸ್ ಕಂಟ್ರಿಯಲ್ಲಿ ಆರಿಸುತ್ತಾರೆ. ಬೆಳಗ್ಗೆ ಹೋಗಿ 1700 ಆರ್‌ಪಿಎಂನಲ್ಲಿ ನಿಲ್ಲಿಸಿ ಲ್ಯಾಂಡಿಂಗ್ ಲೈಟ್, ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್), ಸ್ಟ್ರೋಬ್ ದೀಪ ಎಲ್ಲ ಹಾಕಿದೆ. ಮುಳ್ಳು 230. ಮಾಸ್ಟರ್ ಸ್ವಿಚ್‌ನ ಎಡ ಅರ್ಧ, ಆಲ್ಟರ್ನೇಟರ್ ಮಾತ್ರ, ಆಫ್ ಮಾಡಿದೆ. ಮುಳ್ಳು ಧೊಪ್ಪನೆ ಬಿತ್ತು. ಒಂದು ಸೆಕೆಂಡಿಗೆ ನಲವತ್ತು ಡಿಗ್ರಿ ತಣ್ಣಗಾಗುವ ಆಯಿಲ್ ಲೋಕದಲ್ಲಿಲ್ಲ.

"ವಿಮಾನದ ವೋಲ್ಟೇಜ್ 28ರಿಂದ 24ಕ್ಕೆ ಇಳೀತು, ಮುಳ್ಳೂ ಇಳೀತು, ಅದರಲ್ಲೇನಿದೆ?" ಎಂದರು ಸೀನಿಯರ್. ಅದಕ್ಕೆ ಎಂಜಿನ್ ಆರಿಸಿ, ದಪ್ಪ ಸ್ಟಾರ್ಟರ್ ಕೇಬಲ್ ಒಂದನ್ನು ಎಂಜಿನ್ ಕೇಸ್‌ನಿಂದ ಫೈರ್‌ವಾಲ್‌ಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಲೋಹದ ಗೋಡೆ) ಬಿಗಿದು, ಪ್ರೊಪೆಲ್ಲರ್‌ನಿಂದ ದೂರ ಕಟ್ಟಿ ಮತ್ತೆ ಸ್ಟಾರ್ಟ್ ಮಾಡಿದೆ. ಆಲ್ಟರ್ನೇಟರ್ ಆನ್, ಲೈಟೆಲ್ಲ ಆನ್, ವೋಲ್ಟೇಜ್ 28. ಮುಳ್ಳು 185ರಲ್ಲೇ ನಿಂತಿತು. ಆಮೇಲೆ ಅವರು ಮಾತಾಡಲಿಲ್ಲ.

ಕೆಟ್ಟದ್ದು ಗ್ರೌಂಡ್ ಸ್ಟ್ರಾಪ್, ಅಂದರೆ ಎಂಜಿನ್ ಕೇಸನ್ನು ವಿಮಾನದ ಬಾಡಿಯ ಲೋಹಕ್ಕೆ ಜೋಡಿಸುವ ದಪ್ಪ ತಂತಿ. ಆಲ್ಟರ್ನೇಟರ್ ಕೊಟ್ಟ ಕರೆಂಟೆಲ್ಲ ಅದರ ಮೂಲಕವೇ ಎಂಜಿನ್‌ಗೆ ಮರಳಬೇಕು. ಅಲ್ಲಿ ತಡೆ ಇದ್ದರೆ ಎಂಜಿನ್ ಕೇಸ್‌ನ ವೋಲ್ಟೇಜ್ ಬಾಡಿಯದಕ್ಕಿಂತ ಕೆಳಗೆ ಇಳಿಯುತ್ತದೆ. 220 ಡಿಗ್ರಿಯ ಹೊತ್ತಿಗೆ ಸೆಂಡರ್‌ನ ರೆಸಿಸ್ಟೆನ್ಸ್ ಕೆಲವೇ ಹತ್ತು ಓಮ್. ಆ ಸಣ್ಣ ವ್ಯತ್ಯಾಸ ಮುಳ್ಳನ್ನು ಕೆಂಪಿನ ಹತ್ತಿರ ತಳ್ಳಲು ಸಾಕು. ಕುದಿನೀರಿನ ಪರೀಕ್ಷೆಯಲ್ಲಿ ಎಂಜಿನ್ ಓಡುತ್ತಿರಲಿಲ್ಲ, ಹಾಗಾಗಿ ಈ ತಪ್ಪು ಅಲ್ಲಿ ಕಾಣುವಂತೆಯೇ ಇರಲಿಲ್ಲ.

ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ "ಕಂಟಿನ್ಯುಟಿ ಇದೆ" ಎಂದು ಬಿಟ್ಟಿದ್ದೆವು. 0.2 ತೋರಿಸಿತ್ತು, ಪ್ರೋಬ್ ಎರಡನ್ನು ಒಂದಕ್ಕೊಂದು ತಾಕಿಸಿದರೂ 0.2. ಅದು ಪರೀಕ್ಷೆಯೇ ಅಲ್ಲ. ಮ್ಯಾಗ್ನೆಟೋ ಆಫ್, ಮಿಕ್ಸ್ಚರ್ (ಇಂಧನ) ಕಟ್ ಆಫ್ ಇಟ್ಟು ಕ್ರ್ಯಾಂಕ್ ಮಾಡಿಸಿ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ಬರಿದೇ ತಿರುಗಿಸಿ, ಕೇಸ್‌ಗೂ ಫೈರ್‌ವಾಲ್‌ಗೂ ನಡುವೆ ಡಿಸಿ ವೋಲ್ಟ್ ಅಳೆದೆ: 1.8. ಹೊಸ ಸ್ಟ್ರಾಪ್ ಹಾಕಿದ ಮೇಲೆ 0.1. ಹಳೆಯದರ ಕ್ರಿಂಪ್ (ತಂತಿಯ ತುದಿ ಅದುಮಿದ ಜಾಗ) ಸೀಳಿದರೆ ಒಳಗೆ ಅರ್ಧ ಎಳೆಗಳು ಹಸಿರು ಕಿಲುಬು. ಫೈರ್‌ವಾಲ್ ಕಡೆಯ ಲಗ್ (ಬೋಲ್ಟ್ ಕೂರುವ ಲೋಹದ ತುದಿ) ಕೆಳಗೆ, ಹಿಂದೆ ಯಾವಾಗಲೋ ಬಳಿದ ಪೇಂಟ್ ಹಾಗೇ ಇತ್ತು. ಹೊಸ ಸ್ಟ್ರಾಪಿಗೆ ಸರ್ಟಿಫಿಕೇಟ್ ಸಮೇತ ನಾಲ್ಕೂವರೆ ಸಾವಿರ ಆಯಿತು. ಲಗ್ ಕೂರುವ ಜಾಗವನ್ನು ನಾನು ಹೇಗೆ ಸಿದ್ಧ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಬಂದವರಿಗೆ ಕೈಯಾರೆ ಮಾಡಿ ತೋರಿಸುತ್ತೇನೆ.

ಇನ್ನೊಂದು ಸುಳಿವು ನಮ್ಮ ಕಣ್ಣೆದುರಿಗೇ ಇತ್ತು. ಆರು ತಿಂಗಳ ಹಿಂದೆ ಇದೇ ವಿಮಾನದಲ್ಲಿ "ಮಿಕ್ಸ್ಚರ್ ನಾಬ್ ಬಿಗಿ" ಎಂದು ಬರೆದಿದ್ದರು. ಎಣ್ಣೆ ಬಿಟ್ಟು ಸಹಿ ಹಾಕಿದವನು ನಾನೇ. ಸ್ಟ್ರಾಪ್ ಕೆಟ್ಟರೆ ಸ್ಟಾರ್ಟರ್ ಕರೆಂಟ್ ಕಂಟ್ರೋಲ್ ಕೇಬಲ್‌ಗಳ ಮೂಲಕ ದಾರಿ ಹುಡುಕುತ್ತದೆ, ಅವು ಒಳಗೇ ಸುಡುತ್ತವೆ. ಈ ಸಲ ಕೇಬಲ್ ಬಿಚ್ಚಿದರೆ ಹೊರಕವಚ ಒಂದು ಕಡೆ ನೀಲಿಗಟ್ಟಿತ್ತು. ಹಾರಾಟದಲ್ಲಿ ಅದು ತುಂಡಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದನ್ನೂ ಬದಲಿಸಿದೆವು.

ಮುಂದಿನ ವಾರ ಉಳಿದ ನಾಲ್ಕು ವಿಮಾನಗಳಿಗೂ ಅದೇ ಕ್ರ್ಯಾಂಕಿಂಗ್ ಪರೀಕ್ಷೆ ಮಾಡಿದೆ. ಒಂದಕ್ಕೆ ಹತ್ತು ನಿಮಿಷ ಹಿಡಿಯಿತು, ಕಾಸು ಖರ್ಚಿಲ್ಲ. ಎರಡರಲ್ಲಿ ಅರ್ಧ ವೋಲ್ಟಿನ ಮೇಲೆ ಬಂತು. ಅವುಗಳ ಸ್ಟ್ರಾಪನ್ನೂ ಅಂದೇ ಇಳಿಸಿದೆವು.